ಹಿಮ ನಿಲ್ಲದ ಗುಡ್ಡ

ಕೊಹ್ತ್ಲಾ-ಯಾರ್ವೆ,
೧೧ ಮಾರ್ಚ್ ೨೦೧೦, ಗುರುವಾರ

ನನ್ನ ಲೈನೆ,

ಪ್ಯಾರ್ನುವಿನ ಕೆಸರುಸ್ನಾನ ನಿನ್ನ ಮಂಡಿಗೆ ಹಿಡಿಸಿತೇ? ಮೆಟ್ಟಿಲು ಹತ್ತುವಾಗ ಇನ್ನೂ ಕಟಕಟ ಅನ್ನುತ್ತದೆಯೇ? ವೈದ್ಯರು ಹೇಳಿದಷ್ಟು ದಿನವೂ ಅಲ್ಲೇ ಇರು, ಬೇಸರವೆಂದು ಗಂಟುಮೂಟೆ ಕಟ್ಟಬೇಡ. ನಾನು ಕಪ್ಪು ರೊಟ್ಟಿ, ಉಪ್ಪುಮೀನು ತಿಂದುಕೊಂಡು ಗುಂಡುಕಲ್ಲಿನಂತಿದ್ದೇನೆ.

ಈಗ ಸುದ್ದಿ. ನಮ್ಮ ಗಣಿಯ ಕಸದ ಗುಡ್ಡಕ್ಕೆ ಕೊನೆಗೂ ಯಜಮಾನರು ಬಂದರು. ಟಾರ್ಟುವಿನಿಂದ ಕೈರಿ ಎಂಬ ಎಂಜಿನಿಯರ್ ಹುಡುಗಿ ಬಂದು, ಹಿಮವೇ ನಿಲ್ಲದ ಆ ದಕ್ಷಿಣದ ಇಳಿಜಾರಿನಲ್ಲಿ ಶಾಖ ಅಳೆಯುವ ಕೊಳವೆ ಇಳಿಸಿದ್ದಾಳೆ. ಅಲ್ಲಿ ಆಗಲೇ ಹಳದಿ ಹೂ ಬಿಟ್ಟಿದೆ! ಒಳಗೆ ಉಳಿದುಹೋದ ಎಣ್ಣೆಕಲ್ಲು ಕಲ್ಲಿದ್ದಲಿನ ಹಾಗೆ ತಾನೇ ಹೊತ್ತಿ ಹೊಗೆಯಾಡುತ್ತಿದೆ, ಕೆಳಗಿನ ಬಾವಿಗಳ ನೀರಿಗೂ ಅದರ ವಾಸನೆ ತಗುಲಿದೆ. ನನಗೂ ಕುತೂಹಲ ತಡೆಯಲಾಗಲಿಲ್ಲ. ನಿನ್ನ ಜಾಮ್ ಕಾಯಿಸುವ ಥರ್ಮಾಮೀಟರನ್ನು ಒಂದು ಬಿರುಕಿಗೆ ತೂರಿಸಿದೆ, ಟಪ್ಪೆಂದು ಒಡೆಯಿತು. ಬಂದ ಮೇಲೆ ಬೈಯುವೆಯಂತೆ. ಕೈರಿ ಮಾತ್ರ ಬಿದ್ದು ಬಿದ್ದು ನಕ್ಕಳು. "ಕಾಲ್ಯು ತಾತ, ಇದೇನು ಸ್ಟ್ರಾಬೆರಿ ಪಾಕ ಅಂದ್ಕೊಂಡ್ರಾ? ಇಲ್ಲಿ ಮುನ್ನೂರು ಡಿಗ್ರಿ ಇದೆ!"

ಈಗ ದಿನವೂ ಹೋಗುತ್ತೇನೆ, ಅವಳ ಅಂಕಿಗಳನ್ನು ಇಣುಕಿ ನೋಡುತ್ತೇನೆ. ಇಷ್ಟು ಹೊತ್ತಿಗೆ ಆರುತ್ತಾ ಬರಬೇಕಾದ ಶಾಖ ಏರುತ್ತಲೇ ಇದೆ. ಹಳೆಯ ನಕ್ಷೆ ಬಿಡಿಸಿ ತಲೆ ಕೆರೆದುಕೊಳ್ಳುತ್ತಾಳೆ. "ಎಣ್ಣೆಕಲ್ಲು ಈ ಕಡೆ ಮಾತ್ರ ಅಂತ ಬರ್ದಿದಾರೆ. ಹಾಗಾದ್ರೆ ಒಲೆಗೆ ಸೌದೆ ಎಲ್ಲಿಂದ ಬರ್ತಿದೆ ತಾತ?" ನಾನೂ ಟೋಪಿ ತೆಗೆದು ತಲೆ ಕೆರೆದುಕೊಂಡೆ. ಸೋಮವಾರ ಪೂರ್ವದ ಮಗ್ಗುಲನ್ನು ಅಗೆದು ಬೆಂಕಿ ನಂದಿಸುವ ಯಂತ್ರಗಳಿಗೆ ದಾರಿ ಮಾಡುತ್ತಾರೆ. ಅಲ್ಲಿ ಬರೀ ಸುಣ್ಣದಕಲ್ಲು, ಅಪಾಯವಿಲ್ಲ ಎಂದು ನಕ್ಷೆ ಹೇಳುತ್ತದೆ. ಎಣ್ಣೆಕಲ್ಲೇನಾದರೂ ಇದ್ದು ಗಾಳಿ ಹೊಕ್ಕರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಅಗೆಯುವವರ ಮುಖಕ್ಕೇ.

ನಿನ್ನ ಕೋಣೆಯ ಗೆಳತಿಗೆ ನನ್ನ ನಮಸ್ಕಾರ ತಿಳಿಸು. ಬೆಚ್ಚಗಿರು.

ನಿನ್ನ ಮುದುಕ,
ಕಾಲ್ಯು

ತಾ.ಕ.: ಲೈನೆ, ಪೂರ್ವದಲ್ಲಿರುವುದು ಸುಣ್ಣದಕಲ್ಲಲ್ಲ. ಅರವತ್ತೈದನೇ ಇಸವಿಯ ಚಳಿಗಾಲದಲ್ಲಿ, ಗಣಿಯ ಉಸ್ತುವಾರಿ ನನ್ನದಾಗಿದ್ದಾಗ, ಸುಣ್ಣದಕಲ್ಲಿನಿಂದ ಎಣ್ಣೆಕಲ್ಲು ಬೇರ್ಪಡಿಸುವ ಯಂತ್ರ ಕೆಟ್ಟಿತ್ತು, ಮೇಲಿನವರು ಅಗೆತದ ಗುರಿ ಮುಟ್ಟಿಸು ಎನ್ನುತ್ತಿದ್ದರು. ಐದು ವಾರ ಅಗೆದದ್ದನ್ನೆಲ್ಲ ಬೇರ್ಪಡಿಸದೆಯೇ ಅಲ್ಲಿಗೆ ಸುರಿಸಿದೆ. ನಕ್ಷೆ ಬರೆದವನೂ ನಾನೇ. ನೀನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿರುವ ಪ್ರಶಸ್ತಿಪತ್ರ ಆ ವರ್ಷದ್ದು. ನಾಚಿಕೆಯಾಗುತ್ತದೆ. ಈ ಕಾಗದವನ್ನು ಅಂಚೆಪೆಟ್ಟಿಗೆಗೆ ಹಾಕಿಯೇ ಕೈರಿಯ ಬಳಿ ಹೋಗುತ್ತೇನೆ. ನಿನಗೆ ಹೇಳಿಬಿಟ್ಟ ಮೇಲೆ ಅರ್ಧ ದಾರಿಯಿಂದ ಹಿಂದಿರುಗಲು ನನಗಾಗುವುದಿಲ್ಲ.