ಅಳೆಯೋಕೆ ಮಾಡಿದ ಕೋಲು

ಕೃಷ್ಣರಾಜಪೇಟೆ,
ಭಾನುವಾರ, ೨೭-೧೧-೧೯೯೪

ಪ್ರೀತಿಯ ಅಮ್ಮನಿಗೆ,

ನಿನ್ನ ಬಾಯಿಬಡುಕಿ ಕಮಲಿಯ ನಮಸ್ಕಾರ. ನೀನು ಕಳಿಸಿದ ಚಟ್ನಿಪುಡಿ ತಳ ಕಂಡಿದೆ. ನನ್ನ ರೂಮಿನ ಹೇಮಶ್ರೀ ಅನ್ನಕ್ಕೂ ಅದೇ, ರೊಟ್ಟಿಗೂ ಅದೇ ಅಂತ ಕೂತಿದ್ದಾಳೆ. ಈ ಕಾಗದವನ್ನು ತಂಗಿ ಕೀರ್ತನಳ ಕೈಲಿ ಓದಿಸಿಕೋ. ಅಪ್ಪ ಚಪ್ಪರದಲ್ಲಿ ಮರ ನುಣುಪು ಮಾಡಲು ತೋಪಡ ಹೊಡೆಯುತ್ತಿರುವಾಗ ಇಬ್ಬರೂ ಅಡುಗೆಮನೆಯಲ್ಲಿ ಕೂತು ಓದಿ, ಆಮೇಲೆ ಸಾಸಿವೆ ಡಬ್ಬಿಯ ಹಿಂದೆ ಇಟ್ಟುಬಿಡು. ಅಪ್ಪನಿಗೆ ಸದ್ಯಕ್ಕೆ ಹೇಳಬೇಡ.

ಟ್ರೈನಿಂಗಿನ ಪಾಠ ಮಾಡಲು ನನ್ನನ್ನು ಬೂಕನಕೆರೆಯಾಚೆ ಒಂದು ಸಣ್ಣ ಊರಿನ ಶಾಲೆಗೆ ಹಾಕಿದ್ದಾರೆ, ಮೂರನೇ ಕ್ಲಾಸು, ಇಪ್ಪತ್ತೆಂಟು ಮಕ್ಕಳು ಅಂತ ಮೊದಲೇ ಬರೆದಿದ್ದೆ. ಮೊದಲ ದಿನ ನನ್ನ ಧ್ವನಿಯೇ ಹೊರಡಲಿಲ್ಲಮ್ಮ. ಕೂತ್ಕೊಳ್ಳಿ ಅಂದೆ, ಒಬ್ಬರೂ ಕೂರಲಿಲ್ಲ. ಕೇಳಿಸಲಿಲ್ಲವಂತೆ. ಮನೆಯಲ್ಲಿ ನಾನು ಬಾಯಿಬಿಟ್ಟರೆ ಮೂರು ಬೀದಿಗೆ ಕೇಳುತ್ತದೆ ಅಂತ ಬೈಯುತ್ತಿದ್ದೆಯಲ್ಲ, ನೀನು ನೋಡಬೇಕಿತ್ತು. ಈಗ ಪರವಾಗಿಲ್ಲ, ಕೇಳಿಸುತ್ತದೆ.

ಸೋಮವಾರ ಸಂಜೆ ಹಾಕಿದ ಕಾರ್ಡಿನಲ್ಲಿ ಪಾಠ ಚೆನ್ನಾಗಾಯಿತು, ಕಾಲೇಜಿನ ಮೇಡಂ ಮೆಚ್ಚಿದರು ಅಂತ ಬರೆದಿದ್ದೆ. ಅದು ಸುಳ್ಳು.

ಅವತ್ತು ಸೋಮವಾರ ಮೇಡಂ ನನ್ನ ಪಾಠ ನೋಡಿ ನಂಬರು ಹಾಕಲು ಬರುವವರಿದ್ದರು. ಉದ್ದ ಅಳೆಯುವ ಪಾಠ. ಒಂದೇ ಮೇಜನ್ನು ಮೂವರು ಮಕ್ಕಳು ಗೇಣಿನಲ್ಲಿ ಅಳೆದರೆ ಮೂರು ಲೆಕ್ಕ ಬರುತ್ತದೆ, ಅದಕ್ಕೆ ಎಲ್ಲರಿಗೂ ಒಂದೇ ಅಳತೆ ಬೇಕು ಅಂತ ಹೇಳಿ ಅಪ್ಪ ಮಾಡಿಕೊಟ್ಟ ಮೀಟರ್ ಕೋಲು ತೋರಿಸುವುದು. ಶಾಲೆಯ ಹೆಡ್‌ಮೇಷ್ಟ್ರು ಮರಿಸ್ವಾಮಿಯವರು ಶನಿವಾರವೇ ಕರೆದು, ಪಾಠಾನ ಒಂದ್ಸಲ ಮಕ್ಕಳ ಕೈಲಿ ಓಡಿಸಿ ನೋಡವ್ವ, ಎಲ್ರೂ ಅಂಗೇ ಮಾಡೋದು ಅಂದರು. ನಾನೂ ಓಡಿಸಿದೆ. ಯಾವ ಪ್ರಶ್ನೆಗೆ ಯಾರು ಎದ್ದು ಏನು ಹೇಳಬೇಕು ಅಂತ ಹಂಚಿಕೊಟ್ಟು ಬಾಯಿಪಾಠ ಮಾಡಿಸಿದೆ. ಮೂರು ಲೆಕ್ಕ ಯಾಕೆ ಬಂತು ಅನ್ನುವುದು ಸಿದ್ದರಾಜುವಿನ ಪಾಲಿನ ಪ್ರಶ್ನೆ.

ಸೋಮವಾರ ನೋಡಿದರೆ ಸಿದ್ದರಾಜು ಜ್ವರ ಅಂತ ಬಂದಿಲ್ಲ. ಮೇಡಂ ಹಿಂದಿನ ಬೆಂಚಿನಲ್ಲಿ ಪುಸ್ತಕ ಬಿಚ್ಚಿಕೊಂಡು ಕೂತಿದ್ದಾರೆ. ನಾನು ಗಾಬರಿಯಲ್ಲಿ ಚಿನ್ನು ಅನ್ನುವ ಹುಡುಗಿಯ ಕಡೆ ಕೈ ತೋರಿಸಿದೆ. ಅವಳು ಎದ್ದು ನಿಂತು, ಅದು ಸಿದ್ದರಾಜುದು ಮಿಸ್ಸು, ನೀವು ಶನಿವಾರ ನಂಗೆ ಕೊಟ್ಟಿದ್ದು ಇದರ ಮುಂದಿಂದು, ಅವನ್ದು ಹೇಳ್ಲಾ ನಂದು ಹೇಳ್ಲಾ ಅಂತ ಕೇಳಿದಳು. ತಮಾಷೆಗಲ್ಲಮ್ಮ, ನನಗೆ ಸಹಾಯ ಮಾಡಲೆಂದೇ ಕೇಳಿದಳು.

ಮೇಡಂ ಬೈಯಲಿಲ್ಲ. ಪುಸ್ತಕ ಮುಚ್ಚಿ, ಕಮಲಾಕ್ಷಿ, ಪಾಠ ಮಕ್ಕಳಿಗೆ ಮಾಡಬೇಕು, ನನಗಲ್ಲ ಅಂತ ಮೆತ್ತಗೆ ಹೇಳಿ ಬಸ್ಸಿಗೆ ಹೊರಟರು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಅವಮಾನದಿಂದ ಮೈಯೆಲ್ಲ ಉರಿಯುತ್ತಿತ್ತು. ಕೈಯಲ್ಲಿ ಅಪ್ಪನ ಕೋಲಿತ್ತು. ಚಿನ್ನುವಿಗೆ ಕೈ ಚಾಚು ಅಂದೆ. ಎರಡು ಏಟು ಕೊಟ್ಟೆ. ಅವಳು ಅಳಲಿಲ್ಲ, ಯಾಕೆ ಅಂತ ಗೊತ್ತಾಗದೆ ನನ್ನ ಮುಖ ನೋಡಿದಳು.

ಆ ಕೋಲನ್ನು ಅಪ್ಪ ಹೇಗೆ ಮಾಡಿದರು ಅಂತ ನೀನು ನೋಡಿದ್ದೀಯ. ಬಾಗಿಲಿಗೆ ತಂದ ತೇಗದಲ್ಲಿ ಒಳ್ಳೆಯ ಪಟ್ಟಿ ತೆಗೆದು, ಮೊಳೆ ಕಾಯಿಸಿ ಒಂದೊಂದೇ ಗೆರೆ ಸುಟ್ಟರು. ಕೊಡುವಾಗ, ಇದು ಅಳೆಯೋಕೆ ಮಾಡಿದ್ದು ಕಣವ್ವ, ಇನ್ಯಾವುದಕ್ಕೂ ಎತ್ತಬೇಡ ಅಂದರು. ಅಪ್ಪನ ಸೊಟ್ಟ ಬೆರಳು ನನಗೆ ಗೊತ್ತಿಲ್ಲದ್ದೇ? ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಕೊಟ್ಟ ಏಟಿಗೆ ಮುರಿದದ್ದು, ಅವತ್ತು ಬಿಟ್ಟ ಶಾಲೆಯ ಕಡೆ ಅಪ್ಪ ತಿರುಗಿಯೂ ನೋಡಲಿಲ್ಲ. ಎಲ್ಲ ಗೊತ್ತಿದ್ದೂ ಎತ್ತಿದೆ.

ಮಂಗಳವಾರ ಚಿನ್ನು ಬರಲಿಲ್ಲ. ಬುಧವಾರವೂ ಇಲ್ಲ, ಗುರುವಾರವೂ ಇಲ್ಲ. ಅನ್ನ ಸೇರಲಿಲ್ಲಮ್ಮ ನನಗೆ. ನಾನು ಟೀಚರಾಗುವುದೇ ಬೇಡ ಅಂತ ಟ್ರಂಕಿಗೆ ಬಟ್ಟೆ ತುಂಬಿದ್ದೂ ಉಂಟು. ಗುರುವಾರ ಸ್ಕೂಲು ಬಿಟ್ಟ ಮೇಲೆ ಅವಳ ಮನೆಗೆ ಹೋದೆ. ಅವಳ ಅಜ್ಜಿ ಸೋಮಮ್ಮ ಸಂತೆಯಲ್ಲಿ ಹೂ ಮಾರುವವರು. ಜಗುಲಿಯಲ್ಲಿ ಕೂತು ಕನಕಾಂಬರ ಕಟ್ಟುತ್ತಿದ್ದರು. ಚಿನ್ನು ನನ್ನನ್ನು ಕಂಡದ್ದೇ ಬಾಗಿಲ ಹಿಂದೆ ಸರಿದಳು.

ಅಜ್ಜಿ ಜಗಳಕ್ಕೆ ಬರಲಿಲ್ಲ. ಏಟು ತಿನ್ನದೆ ಯಾರು ಓದವ್ರೆ ಬುಡಿ ಮಿಸ್ಸು, ಅದಕ್ಕಲ್ಲ, ಸುಳ್ಳು ಹೇಳುದ್ರೂ ಏಟು ನಿಜ ಹೇಳುದ್ರೂ ಏಟು ಅನ್ನೋದಾದ್ರೆ ಅಲ್ಲಿಗ್ಯಾಕೆ ಓಗ್ಬೇಕು, ನಿನ್ ಜೊತೇಲೇ ಹೂ ಕಟ್ಕೊಂಡಿರ್ತೀನಿ ಅಂತ ಕುಂತವ್ಳೆ ಅಂದರು. ನಾನು ಬಾಗಿಲ ಕಡೆ ತಿರುಗಿ, ನೀನು ಹೇಳಿದ್ದೇ ನಿಜ ಚಿನ್ನು, ಮೋಸ ಮಾಡಿದ್ದು ನಾನು, ಹೊಡೆದದ್ದೂ ನನ್ನದೇ ತಪ್ಪು ಅಂದೆ. ಇನ್ನೂ ಸ್ವಲ್ಪ ಹೊತ್ತು ಕೂತು ಏನೇನೋ ಹೇಳಿ ಬಂದೆ.

ಶುಕ್ರವಾರ ಬರಲಿಲ್ಲ. ನಿನ್ನೆ ಬೆಳಗ್ಗೆ ಪ್ರಾರ್ಥನೆ ಮುಗಿದ ಮೇಲೆ ಬಂದಳಮ್ಮ, ಎಲೆಯಲ್ಲಿ ಸುತ್ತಿದ ಒಂದು ಮೊಳ ಹೂ ಹಿಡಿದುಕೊಂಡು. ಬಂದವಳೇ ಆ ಕೋಲು ಎಲ್ಲಿ ಅಂದಳು. ನಾನು ಅದನ್ನು ಬೀರುವಿನ ಹಿಂದೆ ಬಚ್ಚಿಟ್ಟಿದ್ದೆ. ತೆಗೆದುಕೊಟ್ಟೆ. ನಮ್ಮಜ್ಜಿ ಮೊಳ ಎಷ್ಟಿದೆ ನೋಡ್ಬೇಕು ಅಂತ ಹೂವನ್ನು ಅದರ ಮೇಲೆ ಹಾಸಿದಳು. ನಲವತ್ತೈದು ಸೆಂಟಿಮೀಟರು. ಜ್ವರ ಬಿಟ್ಟು ಬಂದಿದ್ದ ಸಿದ್ದರಾಜು ತನ್ನ ಮೊಳ ಅಳೆದ, ಮೂವತ್ತಾರು. ಹಾಗಾದ್ರೆ ಇವನ ಹತ್ರ ಯಾರೂ ಹೂ ತಗೊಳ್ಳಬೇಡಿ ಅಂತ ಚಿನ್ನು ಅಂದಳು, ಕ್ಲಾಸೆಲ್ಲ ನಕ್ಕಿತು. ಮೇಡಂ ಮುಂದೆ ನಾನು ಮಾಡಬೇಕಿದ್ದ ಪಾಠವನ್ನು ಅವಳೇ ಮಾಡಿಬಿಟ್ಟಳು.

ಟ್ರಂಕಿನಿಂದ ಬಟ್ಟೆ ತೆಗೆದಿಟ್ಟಿದ್ದೇನೆ. ಚಟ್ನಿಪುಡಿ ಮಾಡಿಡು, ಸ್ವಲ್ಪ ಜಾಸ್ತಿಯೇ ಇರಲಿ.

ನಿನ್ನ ಮಗಳು,
ಕಮಲಾಕ್ಷಿ

ಮರೆತ ಮಾತು: ಅಪ್ಪಾ, ಒತ್ತಕ್ಷರ ಬಂದಾಗಲೆಲ್ಲ ಕೀರ್ತನ ಕಾಗದ ಹಿಡಿದುಕೊಂಡು ನಿಮ್ಮ ಹತ್ತಿರವೇ ಓಡಿಬರುತ್ತಾಳೆ, ಕೊನೆಗೆ ನೀವೇ ಅಮ್ಮನಿಗೆ ಓದಿ ಹೇಳುತ್ತೀರಿ ಅಂತ ನನಗೆ ಗೊತ್ತು. ಗೊತ್ತಿದ್ದೇ ಬರೆದೆ. ನಿಮಗೆ ಅಂತ ಬರೆಯಲು ಧೈರ್ಯ ಬರಲಿಲ್ಲ. ಗುರುವಾರ ಆ ಜಗುಲಿಯಲ್ಲಿ ನಿಮ್ಮ ಬೆರಳಿನ ವಿಷಯವನ್ನೂ ಹೇಳಿದ್ದೆ. ನಿನ್ನೆ ಬೆಲ್ಲು ಹೊಡೆದ ಮೇಲೆ ಚಿನ್ನು ಹಿಂದೆ ಉಳಿದು, ಆ ಮೇಷ್ಟ್ರು ನಿಮ್ಮಪ್ಪನ ಮನೆಗೂ ಬಂದಿದ್ರಾ ಮಿಸ್ಸು ಅಂತ ಕೇಳಿದಳು. ಇಲ್ಲ ಅಂದೆ. ಬಂದಿದ್ರೆ ನಿಮ್ಮಪ್ಪ ಸ್ಕೂಲಿಗೆ ಓಗ್ತಿದ್ರಾ ಅಂದಳು. ಅಪ್ಪನನ್ನೇ ಕೇಳಿಕೊಂಡು ಬಂದು ಹೇಳುತ್ತೇನೆ ಅಂದೆ. ಬರುವ ಭಾನುವಾರ ಕೋಲು ತಗೊಂಡು ಊರಿಗೆ ಬರುತ್ತೇನೆ. ಕೋಲು ವಾಪಸು ಇಟ್ಟುಕೊಂಡರೂ ಸರಿ, ಉತ್ತರ ಮಾತ್ರ ಹೇಳಿಕಳಿಸಿ. ಮಾರನೇ ದಿನ ಸೋಮವಾರ ಅವಳು ಕೇಳುತ್ತಾಳೆ.