ನಾಯಿಯ ಬೆನ್ನಿಗೆ ಮಲಗಿದ್ದ ಮರಿ

ಹಿರಿಯೂರು
18-12-2008

ಪ್ರೀತಿಯ ಅನುಸೂಯಾ,

ಚಿಕ್ಕಜಾಜೂರಿನಲ್ಲಿ ನೀನು, ನಿನ್ನ ಯಜಮಾನರು, ಮಕ್ಕಳು ಎಲ್ಲ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ದೀಪಾವಳಿಗೆ ಬಂದ ನಿನ್ನ ಕಾಗದಕ್ಕೆ ಈಗ ಬರೆಯುತ್ತಿದ್ದೇನೆ, ಬೈಯಬೇಡ. ಶೇಂಗಾ ಕೆಲಸ ಮುಗಿಯಿತು ಎನ್ನುವಷ್ಟರಲ್ಲಿ ಮನೆಯಲ್ಲಿ ಬೇರೆಯೇ ರಾಮಾಯಣ ಶುರುವಾಯಿತು.

ನಮ್ಮ ಕೀರ್ತನಾ ಕಾಲೇಜು ಸೇರಿದ ಮೇಲೆ ಬ್ರೌಸಿಂಗ್ ಸೆಂಟರಿಗೆ ಹೋಗುವುದು ಕಲಿತಿದ್ದಾಳೆ. ಒಂದು ದಿನ ನನ್ನನ್ನೂ ಕರೆದೊಯ್ದು ಕಂಪ್ಯೂಟರಿನ ಮುಂದೆ ಕೂರಿಸಿದಳು. ಯಾವುದೋ ದೇಶದ ಪ್ರಾಣಿ, ಕ್ಯಾಪಿಬರ ಅಂತೆ. ಹಂದಿಯಷ್ಟು ದೊಡ್ಡ ಇಲಿಯ ಹಾಗಿತ್ತು. ತಲೆಯ ಮೇಲೆ ಹಕ್ಕಿ ಕೂತಿದ್ದರೂ ಕಣ್ಣು ಮುಚ್ಚಿ ನೀರಿನಲ್ಲಿ ಸುಮ್ಮನಿತ್ತು.

"ಎಷ್ಟು ಮುದ್ದಾಗೈತೆ ನೋಡಮ್ಮ! ಜನ ಇದ್ಕೆ ಪ್ರಾಣಾನೇ ಬಿಡ್ತಾರೆ" ಎಂದಳು. ನನಗೂ ನಗು ಬಂತು.

ಆಮೇಲೆ ನಮ್ಮ ತಬ್ಬಲಿ ಟಗರುಮರಿಯ ಫೋಟೊವನ್ನೂ ಅಲ್ಲಿ ಇಂಟರ್ನೆಟ್ಟಿನಲ್ಲಿ ಹಾಕಿದಳು. ತಾಯಿ ಸತ್ತ ಮರಿ ಅದು. ನಮ್ಮ ಯಜಮಾನರು ತಮ್ಮ ಕಂಬಳಿಯೊಳಗೇ ಮಲಗಿಸಿಕೊಂಡು, ಬಾಟಲಿಯಲ್ಲಿ ಆಡಿನ ಹಾಲು ಕುಡಿಸಿ ಉಳಿಸಿದ್ದರು. ನಾಯಿಯ ಬೆನ್ನಿಗೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ ಆ ಮರಿಯನ್ನು ನೋಡಿ ಎಲ್ಲೆಲ್ಲಿಯವರೋ ಬರೆದರು, ಹೆಸರಿಟ್ಟರು. ಕೀರ್ತನಾಳನ್ನು ಹಿಡಿಯುವವರೇ ಇರಲಿಲ್ಲ.

ಮರಿ ಬೆಳೆಯಿತು. ಗಂಡುಮರಿ ಬೆಳೆದರೆ ಕುರಿ ಸಾಕುವವರು ಏನು ಮಾಡುತ್ತಾರೆ, ನೀನೇ ಹೇಳು. ಇವರು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿದರು. ಇವಳು ಅತ್ತಳು. ಅಳಲಿ, ಸಹಜ. ಆದರೆ ಅದನ್ನೂ ಹೋಗಿ ಅಲ್ಲಿ ಬರೆದುಬಿಟ್ಟಳು! ಮರಿಯನ್ನು ಮುದ್ದಾಡಿದವರೆಲ್ಲ ತಿರುಗಿಬಿದ್ದರು. ನಾವು ಕಟುಕರಂತೆ, ಕರುಳಿಲ್ಲದವರಂತೆ. ಅವರಲ್ಲಿ ಒಬ್ಬರಾದರೂ ಕುರಿಯ ಹಿಂದೆ ಒಂದು ದಿನ ಬಿಸಿಲಲ್ಲಿ ತಿರುಗಿದ್ದಾರೆಯೇ? ನೆನೆಸಿಕೊಂಡರೆ ಮೈಯೆಲ್ಲ ಉರಿಯುತ್ತದೆ.

ನನ್ನ ಮೈದುನ ಜುಂಜೇಶ್‌ಗೆ ಯಾರೋ ಗೆಳೆಯರು ತೋರಿಸಿದರಂತೆ. ಅವನು ಪ್ರಿಂಟ್ ತೆಗೆಸಿಕೊಂಡು ಬಂದು ಅಣ್ಣನ ಮುಂದೆ ಕೂತು ಓದಿದ. ಇವರು ಕೈಯಲ್ಲಿದ್ದ ಬೀಡಿಯನ್ನೂ ಹಚ್ಚದೆ ಕೇಳಿದರು.

"ಈ ಮರಿ ಬದುಕಲ್ಲ ಅಂತ ಎಲ್ರೂ ಅಂದಾಗ ಎದಿಗೆ ಅವುಚ್ಕಂಡಿದ್ದು ಯಾರಂತೆ? ಅದ್ನ ಬರ್ದಿಲ್ವೇನಪ್ಪ ಅದ್ರಾಗೆ?"

ಜುಂಜೇಶ್ ಹಾಳೆಗಳನ್ನು ಮಡಚಿದ. "ಉಣ್ಣೇಳ್ರಿ" ಎಂದೆ ನಾನು.

"ಹಸಿವಿಲ್ಲ ಕಣೆ" ಎಂದು ಎದ್ದು ಕುರಿಗಳ ಕಡೆ ನಡೆದರು.

ಕೀರ್ತನಾಳಿಗೆ ಬಾಯಿಗೆ ಬಂದಂತೆ ಬೈದೆ. "ನಂಗೂ ಬೈದವ್ರೆ ಕಣಮ್ಮ. ನಿಂಗೇನ್ ಗೊತ್ತಾಗುತ್ತೆ?" ಎಂದು ಬಾಗಿಲು ಹಾಕಿಕೊಂಡಳು.

ಇನ್ನು ಸಾಕು. ನಿನ್ನ ಮಕ್ಕಳಿಗೆ ನನ್ನ ಆಶೀರ್ವಾದ ತಿಳಿಸು. ಅವರ ಬಾಳು ತಣ್ಣಗಿರಲಿ.

ನಿನ್ನ,
ಮುದ್ದಕ್ಕ

ಮರೆತು ಬಿಟ್ಟಿದ್ದಲ್ಲ, ಮೇಲೆ ಬರೆಯಲು ಕೈಯೇ ಬರಲಿಲ್ಲ. ಜುಂಜೇಶ್ ಕೊನೆಯ ಹಾಳೆಯನ್ನು ಅಣ್ಣನಿಗೆ ಓದಲಿಲ್ಲ. ಹಿತ್ತಲಿಗೆ ಕರೆದು ನನಗೊಬ್ಬಳಿಗೇ ಹೇಳಿದ. "ಮರಿ ಮಾರಿದವನು ನಿನ್ನ ಅಪ್ಪನಾ?" ಎಂದು ಯಾರೋ ಕೇಳಿದ್ದರಂತೆ. "ಅಲ್ಲ, ಅವನು ನಮ್ಮ ಮನೆಯ ಕುರಿ ಕಾಯುವ ಆಳು" ಎಂದು ಕೀರ್ತನಾ ಉತ್ತರ ಬರೆದಿದ್ದಾಳೆ. ಇವರಿಗೆ ಇನ್ನೂ ಗೊತ್ತಿಲ್ಲ. ಇವತ್ತು ಬೆಳಿಗ್ಗೆಯೂ ಅವಳ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೋಗಿ ಬಸ್ಸು ಹತ್ತಿಸಿ ಬಂದರು.