ಮರಣಪತ್ರದಲ್ಲಿ ಹಸಿವು ಎಂದು ಬರೆಯಿರಿ

ಮರಣ ನೋಂದಣಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಹೋದ ಮಂಗಳವಾರ ತಾವು ನನ್ನ ಅಕ್ಕ ಫಿಕ್ರಿಯಾಳ ಮರಣಪತ್ರಕ್ಕೆ ರುಜು ಹಾಕಿದಿರಿ. ಸಾವಿನ ಕಾರಣ ಎಂಬಲ್ಲಿ ‘ಹೃದಯಾಘಾತ, ಸಹಜ’ ಎಂದು ಬರೆದಿರಿ. ಆ ಕಾಗದವನ್ನು ನಿಮ್ಮ ಮೇಜಿನ ಮೇಲೆಯೇ ಬಿಟ್ಟು ಬಂದಿದ್ದೇನೆ. ನನ್ನ ಅಕ್ಕ ಸತ್ತದ್ದು ಹಸಿವಿನಿಂದ. ಇದು ನಿಮಗೆ ನನ್ನಷ್ಟೇ ಚೆನ್ನಾಗಿ ಗೊತ್ತು, ಏಕೆಂದರೆ ಅವಳನ್ನು ನಮ್ಮ ನಿರಾಶ್ರಿತರ ಕ್ಯಾಂಪಿನ ಗೇಟಿನಿಂದ ಹಿಂದಕ್ಕೆ ಕಳಿಸಿದವರು ತಾವೇ.

ತಾವು ನನ್ನನ್ನು ಗುರುತಿಸಲಿಲ್ಲ. ಹೇಗೆ ತಾನೇ ಗುರುತಿಸುತ್ತೀರಿ? ಆಗ ನನ್ನ ಮೂಳೆಗಳ ಮೇಲೆ ಚರ್ಮ ಬಿಟ್ಟರೆ ಬೇರೇನೂ ಇರಲಿಲ್ಲ. ನಾನು ಮಾತ್ರ ಬಾಗಿಲಲ್ಲೇ ಗುರುತಿಸಿದೆ. ಹಾಳೆ ತಿರುಗಿಸುವ ಮುಂಚೆ ಹೆಬ್ಬೆರಳನ್ನು ನಾಲಿಗೆಗೆ ಒತ್ತುವ ಆ ನಿಧಾನ ಹನ್ನೊಂದು ವರ್ಷಗಳಲ್ಲಿ ಚೂರೂ ಬದಲಾಗಿಲ್ಲ. ದಮಾಸ್ಕಸ್‌ನಲ್ಲಿ ಸರ್ಕಾರ ಬಿತ್ತು, ಬಾವುಟ ಬದಲಾಯಿತು, ಗೋಡೆಯ ಮೇಲಿನ ಅಧ್ಯಕ್ಷರ ಪಟ ಇಳಿಯಿತು. ತಾವು ಮಾತ್ರ ಗೇಟಿನ ಸ್ಟೂಲಿನಿಂದ ಕಚೇರಿಯ ಕುರ್ಚಿಗೆ ಬಡ್ತಿ ಪಡೆದಿರಿ. ಅಂದು ನಮ್ಮನ್ನು ಸಾಯಲು ಬಿಟ್ಟವರೇ ಇಂದು ನಮ್ಮ ಸಾವಿಗೆ ಮೊಹರು ಒತ್ತುತ್ತಿದ್ದೀರಿ. ಇಷ್ಟು ಅನುಭವ ಇರುವ ನೌಕರ ಇನ್ನೆಲ್ಲಿ ಸಿಗಬೇಕು?

ನಿಮ್ಮ ನೆನಪಿಗೆ ತುಕ್ಕು ಹಿಡಿದಿರಬಹುದು, ಹೇಳುತ್ತೇನೆ. ಆ ಚಳಿಗಾಲ ನಮ್ಮ ಕ್ಯಾಂಪಿನ ದಾರಿಗಳೆಲ್ಲ ಮುಚ್ಚಿ ಆರು ತಿಂಗಳಾಗಿತ್ತು. ಒಳಗೆ ಬಂದೂಕು ಹಿಡಿದವರು, ಹೊರಗೆ ಬಂದೂಕು ಹಿಡಿದವರು, ನಡುವೆ ನಾವು. ನಮ್ಮಜ್ಜ ಪ್ಯಾಲೆಸ್ಟೀನಿನಿಂದ ಓಡಿ ಬಂದು ಗುಡಾರ ಹಾಕಿದ ಜಾಗವದು. ಅಲ್ಲಿಂದ ಮತ್ತೆಲ್ಲಿಗೆ ಓಡುವುದು? ನೀರಿಗೆ ಮಸಾಲೆ ಹಾಕಿ ಕುದಿಸಿ ಸಾರು ಎಂದು ಕುಡಿದೆವು. ಗುಂಡು ಹಾರುವ ಬಯಲಿಗೆ ಹೋಗಿ ಹುಲ್ಲು ಕಿತ್ತು ತಂದೆವು. ಫಿಕ್ರಿಯಾ ಮೂರನೇ ತರಗತಿಯ ಟೀಚರು. ಶಾಲೆಗೆ ಬಾಂಬು ಬಿದ್ದ ಮೇಲೆ ನೆಲಮಾಳಿಗೆಯಲ್ಲಿ ಪಾಠ ನಡೆಸಿದಳು. ಲೆಕ್ಕದಲ್ಲಿ ರೊಟ್ಟಿಯೋ ಸೇಬೋ ಬಂದರೆ ಮಕ್ಕಳು ಅಳುತ್ತಿದ್ದವು, ಅದಕ್ಕೆ ಕಲ್ಲು ಎಣಿಸಲು ಕಲಿಸಿದಳು. ತನ್ನ ಪಾಲಿನ ಸಾರನ್ನು ಮಗಳು ಬೀಸಾನಳ ಬಟ್ಟಲಿಗೆ ಸುರಿದು, ತನಗೆ ಹೊಟ್ಟೆ ತುಂಬಿದೆ ಎನ್ನುತ್ತಿದ್ದಳು. ಬೀಸಾನಳಿಗೆ ಆಗ ಆರು ವರ್ಷ. ಅಮ್ಮ ಹೇಳಿದ್ದನ್ನು ನಂಬುವ ವಯಸ್ಸು.

ಫೆಬ್ರವರಿಯಲ್ಲಿ ರೋಗಿಗಳನ್ನು ಹೊರಗೆ ಬಿಡುತ್ತಾರೆಂದು ಸುದ್ದಿ ಬಂತು. ಅಕ್ಕನಿಗೆ ನಿಲ್ಲಲು ಆಗುತ್ತಿರಲಿಲ್ಲ. ಚಿಕ್ಕಪ್ಪನ ಮಗ ವಜೀಹ್ ತರಕಾರಿ ತಳ್ಳುಗಾಡಿಯಲ್ಲಿ ಅವಳನ್ನು ಮಲಗಿಸಿ, ಕಲ್ಲುರಾಶಿ ದಾಟಿಸಿ ನಿಮ್ಮ ಗೇಟಿಗೆ ತಂದ. ಕ್ಯಾಂಪಿನಲ್ಲಿ ಉಳಿದಿದ್ದ ಒಬ್ಬನೇ ವೈದ್ಯ ಬರೆದ ಚೀಟಿಯನ್ನು ನಿಮ್ಮ ಕೈಗಿತ್ತೆ.

“ಏನಮ್ಮ ಇದು? ಹಸಿವು ಅಂತ ಬರ್ದಿದಾನೆ. ಹಸಿವೂ ಒಂದು ಕಾಯ್ಲೆನಾ? ನಂಗೂ ಆಗ್ತಿದೆ, ಊಟದ ಹೊತ್ತಾಯ್ತಲ್ಲ,” ಎಂದಿರಿ.

“ಸಾರ್, ಎರಡು ವಾರದಿಂದ ಏನೂ ತಿಂದಿಲ್ಲ ಅವ್ಳು,” ಎಂದೆ.

“ಪಟ್ಟಣದ ಹೆಂಗಸ್ರು ತೆಳ್ಳಗಾಗೋಕೆ ಎಷ್ಟು ಒದ್ದಾಡ್ತಾರೆ ಗೊತ್ತಾ? ನಿಮ್ಗೆ ಪುಕ್ಕಟೆ ಆಗಿದೆ. ಹೋಗು, ಸರಿಯಾದ ಕಾಯ್ಲೆ ಹೆಸ್ರು ಬರೆಸ್ಕೊಂಡು ಬಾ.”

ಚೀಟಿ ಹರಿದು ನೆಲಕ್ಕೆ ಹಾಕಿದಿರಿ. ಪಕ್ಕದ ಸಿಪಾಯಿಗಳು ನಕ್ಕರು. ಆಗ ಗಾಡಿಯಲ್ಲಿ ಮಲಗಿದ್ದ ಅಕ್ಕ ಕತ್ತೆತ್ತಿದಳು.

“ನೀನು ಯಾವ ಸ್ಕೂಲಲ್ಲಿ ಓದಿದ್ದಪ್ಪಾ?” ಎಂದು ಕೇಳಿದಳು.

“ಯಾಕೆ?”

“ನಿನ್ನ ಟೀಚರ್ ಹೆಸ್ರು ಹೇಳು. ಪಾಪ, ಅವ್ರನ್ನ ನೆನೆಸ್ಕೊಂಡು ಬೇಜಾರಾಗ್ತಿದೆ.”

ನೀವು ಗೇಟು ಹಾಕಿಸಿದಿರಿ. ಒಂಬತ್ತನೇ ದಿನ ಬೆಳಿಗ್ಗೆ, ಬೀಸಾನಳ ಜಡೆ ಹೆಣೆಯುತ್ತಿದ್ದಾಗ ಅಕ್ಕನ ಕೈ ಅರ್ಧಕ್ಕೆ ನಿಂತಿತು. ಉಳಿದರ್ಧ ಜಡೆಯನ್ನು ನಾನು ಹೆಣೆದೆ. ಆಮೇಲೆ ಅಕ್ಕನಿಗೆ ಕೊನೆಯ ಸ್ನಾನ ಮಾಡಿಸಿದೆ. ನಾನೊಬ್ಬಳೇ ಅವಳನ್ನು ಎತ್ತಿ ಮಗ್ಗುಲಿಗೆ ಹೊರಳಿಸಬಹುದಾಗಿತ್ತು, ಅಷ್ಟು ಹಗುರವಾಗಿದ್ದಳು. ಅದನ್ನು ಹೃದಯಾಘಾತ ಎನ್ನುತ್ತೀರಾ?

ಈಗ ಬೀಸಾನಳಿಗೆ ಹದಿನೇಳು. ನರ್ಸಿಂಗ್ ಕಾಲೇಜಿಗೆ ಸೇರಲು ತಾಯಿಯ ಮರಣಪತ್ರ ಬೇಕೆಂದರು, ಅದಕ್ಕೇ ನಿಮ್ಮ ಬಾಗಿಲಿಗೆ ಬಂದದ್ದು. ಕಾರಣ ತಪ್ಪಾಗಿದೆ ಎಂದಾಗ ತಾವು ತಲೆಯನ್ನೂ ಎತ್ತಲಿಲ್ಲ. “ಹಸಿವು ಅನ್ನೋದೆಲ್ಲ ನಮ್ಮ ಪಟ್ಟೀಲಿ ಇಲ್ಲಮ್ಮ. ಸತ್ತವ್ರು ಸತ್ತಾಯ್ತು. ಹುಡುಗಿ ಭವಿಷ್ಯ ನೋಡು,” ಎಂದಿರಿ. ಹುಡುಗಿ ನನ್ನ ಪಕ್ಕದಲ್ಲೇ ನಿಂತಿದ್ದಳು. “ಬೇಡ ಚಿಕ್ಕಮ್ಮ, ಈ ಕಾಗದ ತಗೊಂಡ್ರೆ ನಾನು ಕಾಲೇಜಿಗೆ ಹೋಗಲ್ಲ,” ಎಂದಳು. ಅವಳ ಗಟ್ಟಿತನ ಯಾರದೆಂದು ನಿಮಗೆ ಹೊಳೆಯಲಿಲ್ಲವೇ?

ಮನೆಗೆ ಬಂದು ವಜೀಹ್‌ಗೆ ಹೇಳಿದೆ. ಅವನು ಎರಡೇ ದಿನದಲ್ಲಿ ನಿಮ್ಮ ಮನೆ, ನೀವು ಸಿಗರೇಟು ಕೊಳ್ಳುವ ಅಂಗಡಿ, ಮನೆಗೆ ಮರಳುವ ದಾರಿ ಎಲ್ಲ ಪತ್ತೆಮಾಡಿಕೊಂಡು ಬಂದ.

“ಅಕ್ಕ, ನೀನು ಹೂಂ ಅನ್ನು, ಸಾಕು. ಮಿಕ್ಕಿದ್ದು ನಂಗೆ ಬಿಡು,” ಎಂದ.

ಮಾನ್ಯರೇ, ಸುಳ್ಳು ಹೇಳುವುದಿಲ್ಲ, ನಾಲಿಗೆ ತುದಿಗೆ ಹೂಂ ಬಂದಿತ್ತು. ಕ್ಷಮಿಸಿಬಿಡು, ದೇಶ ಹೊಸದಾಗಿದೆ ಎಂದು ಉಪದೇಶಿಸುವವರು ಬಹಳ ಮಂದಿ ಇದ್ದಾರೆ. ಅವರ್ಯಾರೂ ಹುಲ್ಲು ತಿಂದವರಲ್ಲ. ನಾನು ಕ್ಷಮಿಸಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ವಜೀಹ್‌ಗೆ ಹೀಗೆಂದೆ: “ಬೇಡ ಕಣೋ. ಅವ್ನು ಸತ್ರೆ ಬರೆಯೋರು ಯಾರು? ನಂಗೆ ಅವ್ನ ಬಲಗೈ ಬೇಕು, ಜೀವಂತವಾಗಿ.”

ಆದ್ದರಿಂದ ಕ್ಯಾಂಪಿನ ಬೀದಿ ಬೀದಿ ಸುತ್ತಿದೆ. ಆ ಚಳಿಗಾಲದಲ್ಲಿ ತಮ್ಮವರನ್ನು ಕಳೆದುಕೊಂಡ ನಲವತ್ತೊಂದು ಮನೆಯವರು ನಿಮ್ಮ ಕಚೇರಿಯ ಸುಳ್ಳು ಕಾಗದಗಳನ್ನು ಪೆಟ್ಟಿಗೆಯಿಂದ ತೆಗೆದಿಟ್ಟಿದ್ದಾರೆ. ಶುಕ್ರವಾರ, ಶನಿವಾರದ ರಜೆ ಮುಗಿದು ಬರುವ ಭಾನುವಾರ ಕಚೇರಿ ತೆರೆಯುವ ಹೊತ್ತಿಗೆ ನಾವೆಲ್ಲ ನಿಮ್ಮ ಬಾಗಿಲಲ್ಲಿರುತ್ತೇವೆ. ಈ ಪತ್ರ ಅಷ್ಟರಲ್ಲಿ ಊರಿನ ಸಾವಿನ ಸೂಚನೆ ಅಂಟಿಸುವ ಗೋಡೆಗಳಲ್ಲೆಲ್ಲ ಅಂಟಿರುತ್ತದೆ. ತಾವು ಪ್ರತಿಯೊಂದು ಹೆಸರನ್ನೂ ಗಟ್ಟಿಯಾಗಿ ಓದಬೇಕು. ಕಾರಣ ಎಂಬಲ್ಲಿ ಗುಮಾಸ್ತನಿಂದಲ್ಲ, ಸ್ವಂತ ಕೈಯಿಂದ ‘ಹಸಿವು’ ಎಂದು ಬರೆಯಬೇಕು. ಕೆಳಗೆ, ಗೇಟಿನಲ್ಲಿ ಅಂದು ಕರ್ತವ್ಯದ ಮೇಲಿದ್ದವರು ಯಾರೆಂದು ತಿಳಿದಷ್ಟನ್ನೂ ಬರೆಯಬೇಕು. ನಿಮ್ಮ ಎದುರಿಗೆ ಬೀಸಾನ್ ಕೂತಿರುತ್ತಾಳೆ. ಅಕ್ಷರ ಕೆಟ್ಟರೆ ಹೊಸ ಹಾಳೆ ಕೊಡುತ್ತಾಳೆ. ಅವಸರವಿಲ್ಲ.

ಬರೆದು ಮುಗಿದ ಮೇಲೆ ಆ ಹಾಳೆಗಳು ನೇರವಾಗಿ ನ್ಯಾಯಾಲಯಕ್ಕೆ ಹೋಗುತ್ತವೆ. ಅಲ್ಲಿ ನಾವ್ಯಾರೂ ಬಾಯಿ ಬಿಡಬೇಕಿಲ್ಲ. ತಮ್ಮ ಅಕ್ಷರ ಅಷ್ಟು ದುಂಡಗಿದೆ.

ಇಂತಿ,
ತಮ್ಮ ಕಚೇರಿಯ ಅರ್ಜಿ ನಮೂನೆಯಲ್ಲಿ ‘ಬದುಕುಳಿದ ಹತ್ತಿರದ ಸಂಬಂಧಿ’ ಎಂಬ ಖಾಲಿ ಜಾಗ ತುಂಬಲು ಮಾತ್ರ ಉಳಿದಿರುವ,
ಖಿತಾಮ್